ಅಂಜಿನವ್ವನ ಕುರಿ, ನನ್ನ ಮೆಕ್ಕೆಜೋಳ

ಕಡರನಾಯಕನಹಳ್ಳಿಯ ಅಂಜಿನವ್ವನ ಬಗ್ಗೆ ಬರೆಯಲು ನನಗಿಂತ ತಿಳಿದವರು ಯಾರೂ ಸಿಗಲಾರರು. ಹನ್ನೊಂದು ವರ್ಷ ಅವಳ ಹೊಲದ ಬದುವಿನ ಮೇಲೆ ನಿಂತು ಹೊಟ್ಟೆ ಉರಿದುಕೊಂಡವನು ನಾನು. ಮೆಚ್ಚಿಕೊಂಡವರು ಒಂದು ಸಲ ನೋಡಿ, ಭೇಷ್ ಎಂದು ಹೋಗಿಬಿಡುತ್ತಾರೆ. ಹೊಟ್ಟೆಕಿಚ್ಚಿನವನು ದಿನಾ ನೋಡುತ್ತಾನೆ, ಎಣಿಸುತ್ತಾನೆ, ನೆನಪಿಟ್ಟುಕೊಳ್ಳುತ್ತಾನೆ. ಅವಳ ಮಂದೆಯಲ್ಲಿ ಯಾವ ಕುರಿಯ ಎಡಗಿವಿ ಸೀಳಿದೆ, ಯಾವುದು ಅವಳಿ ಹಾಕಿತು ಎಂಬುದು ಅವಳ ಗಂಡನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ನಾನು ಕೆಂಚವೀರಪ್ಪ. ಮೂವತ್ತೊಂದು ವರ್ಷ ಕೃಷಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ಮನೆ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ಮಳೆಯನ್ನೇ ನಂಬಿದ ಬೆದ್ದಲು ರೈತರಿಗೆಲ್ಲ ಮೆಕ್ಕೆಜೋಳ ಹಾಕಿ ಎಂದು ಹೇಳಿದವರಲ್ಲಿ ನಾನೂ ಒಬ್ಬ. ಯಾವ ಬೀಜ, ಎಷ್ಟು ಗೊಬ್ಬರ, ಸಾಲಿನಿಂದ ಸಾಲಿಗೆ ಎಷ್ಟು ಅಂತರ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಿದ್ದೆ. ಜನ ಕೈಮುಗಿದು ಕೇಳುತ್ತಿದ್ದರು. ಆ ಕೈಮುಗಿಯುವಿಕೆಗೆ ಅಭ್ಯಾಸವಾಗಿಹೋಗಿದ್ದೇ ನನ್ನ ರೋಗದ ಮೂಲವಿರಬೇಕು.

ಹೊಲ ನನ್ನದಲ್ಲ, ಹೆಂಡತಿ ಕಸ್ತೂರಮ್ಮನದು. ತವರಿನವರು ಅರಿಶಿನ ಕುಂಕುಮಕ್ಕೆಂದು ಕೊಟ್ಟ ನಾಲ್ಕು ಎಕರೆ. ಕೆಳಗೆ ಭದ್ರಾ ಕಾಲುವೆ, ಅದರ ಕೆಳಗೆ ಗದ್ದೆಗಳು. ನಮ್ಮದು ಕಾಲುವೆಯ ಮೇಲಿನ ದಿಬ್ಬ. ನೀರು ಕಣ್ಣಿಗೆ ಕಾಣುತ್ತದೆ, ಹೊಲಕ್ಕೆ ಹತ್ತುವುದಿಲ್ಲ. ನಿವೃತ್ತಿಯಾದ ವರ್ಷವೇ ಸ್ಕೂಟರ್ ಏರಿ, ಹರಿಹರ ದಾಟಿ ಅಲ್ಲಿಗೆ ಹೋಗಲು ಶುರು ಮಾಡಿದೆ. ಊರವರಿಗೆಲ್ಲ ಬುದ್ಧಿ ಹೇಳಿದವನು ಹೆಂಡತಿಯ ಹೊಲದಲ್ಲಿ ಬೆಳೆದು ತೋರಿಸದಿದ್ದರೆ ಹೇಗೆ?

ನಮ್ಮ ಹೊಲಕ್ಕೆ ಹೊಂದಿಕೊಂಡೇ ಅಂಜಿನವ್ವನ ನಾಲ್ಕು ಎಕರೆ. ಅದೇ ಕೆಂಪು ಮಣ್ಣು, ಅದೇ ಮಳೆ, ನಡುವೆ ಒಂದು ಬದು. ಎರಡು ಬೇಸಾಯಗಳನ್ನು ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ತಾಕು ಯಾವ ಸಂಶೋಧನಾ ಕೇಂದ್ರದಲ್ಲೂ ಇರಲಾರದು. ಆದರೆ ಇಲ್ಲಿ ಹೋಲಿಸಿ ನೋಡುವ ಅಧಿಕಾರ ಕಸ್ತೂರಮ್ಮನ ಕೈಯಲ್ಲಿತ್ತು.

ಅಂಜಿನವ್ವ ಕಸ್ತೂರಮ್ಮನಿಗಿಂತ ಎಂಟು ವರ್ಷ ಚಿಕ್ಕವಳು, ಒಂದೇ ಓಣಿಯಲ್ಲಿ ಆಡಿ ಬೆಳೆದವಳು. ಇವಳನ್ನು ಕಸ್ತೂರಕ್ಕ ಎನ್ನುತ್ತಾಳೆ, ಆ ಲೆಕ್ಕದಲ್ಲಿ ನಾನು ಭಾವ. ಗಂಡ ಮಲ್ಲೇಶಪ್ಪ ಹರಿಹರದ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ. ಒಳ್ಳೆಯ ಮನುಷ್ಯ, ಆದರೆ ಹೊಲದ ಕಡೆ ತಿರುಗಿ ನೋಡುವವನಲ್ಲ. ಎರಡನೇ ತರಗತಿಗೆ ಶಾಲೆ ಬಿಟ್ಟ ಹೆಂಗಸೊಬ್ಬಳು ನಾಲ್ಕು ಎಕರೆಯ ತೀರ್ಮಾನಗಳನ್ನೆಲ್ಲ ತಾನೇ ತೆಗೆದುಕೊಳ್ಳುತ್ತಿದ್ದಳು.

ಮೊದಲ ವರ್ಷ ಅವಳೂ ನನ್ನ ಮಾತು ಕೇಳಿ ಮೆಕ್ಕೆಜೋಳವನ್ನೇ ಹಾಕಿದಳು. ತುದಿಯಲ್ಲಿ ಹೂವಿನ ಸೂಲಂಗಿ ಬರುವ ಹೊತ್ತಿಗೆ ಮಳೆ ನಿಂತಿತು. ಇಬ್ಬರ ಬೆಳೆಯೂ ನಿಂತಲ್ಲೇ ಸುರುಟಿತು. ನಾನು ಬೆಳೆ ವಿಮೆಯ ಅರ್ಜಿ ಹಿಡಿದುಕೊಂಡು ಅಲೆಯುತ್ತಿದ್ದಾಗ ಅವಳು ಹರಿಹರಕ್ಕೆ ಹೋಗಿ ಆರು ಕುರಿ ಹೊಡೆದುಕೊಂಡು ಬಂದಳು. ಕೈಯಲ್ಲಿ ಕಾಸಿಲ್ಲದೆ ಕುರಿ ಎಲ್ಲಿಂದ ಬಂತು ಎಂದು ನಾನು ಬೆರಗಾದೆ. ಬಡೇಸಾಬ್ ಪಾಲಿಗೆ ಕೊಟ್ಟಿದ್ದ. ಅವನು ಹರಿಹರದ ಕುರಿ ವ್ಯಾಪಾರಿ. ತಾಯಿ ಕುರಿ ಅವನದು, ಮೇಯಿಸುವುದು ಇವಳದು, ಹುಟ್ಟುವ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ.

“ಏನವ್ವಾ ಇದು, ಬೆಳೆ ಹೋದ ವರ್ಷ ಕುರಿ ತಂದೀಯಲ್ಲ?” ಎಂದೆ.

“ಕಾಳು ಬರ್ಲಿಲ್ಲ ಭಾವಾರ, ಸೊಪ್ಪೆ ಐತಲ್ಲ. ತಿನ್ನೋ ಬಾಯಿ ತಂದೆ,” ಎಂದಳು.

ನನ್ನ ನಾಲ್ಕು ಎಕರೆಯ ಸೊಪ್ಪೆಗೆ, ಆ ಒಣ ದಂಟಿಗೆಲ್ಲ, ಬೆಂಕಿ ಹಚ್ಚಿಸಿದ್ದೆ. ಹೊಟ್ಟೆಯಲ್ಲಿ ಮೊದಲ ಸಲ ಚುರ್ ಎಂದದ್ದು ಅವತ್ತು.

ಆಮೇಲೆ ಅವಳು ಮಾಡಿದ್ದನ್ನು ನೋಡಿ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಒಂದೂವರೆ ಎಕರೆಯನ್ನು ಉಳದೇ ಬಿಟ್ಟಳು. ಅಲ್ಲಿ ಹುಲ್ಲು ಎದ್ದಿತು. ಉಳದ ಹೊಲವೆಂದರೆ ನನ್ನ ಕಣ್ಣಿಗೆ ಕ್ಷೌರ ಮಾಡಿಸದ ಮುಖ ಇದ್ದಂತೆ. ಒಂದು ಎಕರೆಗೆ ತೊಗರಿ, ನಡುನಡುವೆ ಸಜ್ಜೆ. ಉಳಿದದ್ದಕ್ಕೆ ಮಳೆಯ ಮುಖ ನೋಡಿಕೊಂಡು ಜೋಳವೋ ಹುರುಳಿಯೋ. ಬದುವಿನುದ್ದಕ್ಕೂ ಅಗಸೆ ಗಿಡ. ಯಾವುದೂ ಸಾಲಿನಲ್ಲಿಲ್ಲ, ಯಾವುದಕ್ಕೂ ಶಿಫಾರಸಿನ ಗೊಬ್ಬರವಿಲ್ಲ. ಇದು ಬೇಸಾಯವೇ ಅಲ್ಲ ಎಂದು ಮನೆಗೆ ಬಂದು ಕಸ್ತೂರಮ್ಮನಿಗೆ ಹೇಳಿದೆ. ಅವಳು ಉಪ್ಪಿಟ್ಟು ತಿರುವುತ್ತ, “ಆಕಿ ಹೊಲ ಆಕಿ ಮಾಡ್ಲಿ ಬಿಡ್ರಿ. ನಿಮಗ್ಯಾಕ ಸಂಕಟ?” ಎಂದಳು.

ಸಂಕಟ ಯಾಕೆಂದರೆ, ಐದೇ ವರ್ಷದಲ್ಲಿ ಅವಳು ಬಡೇಸಾಬನ ಆರೂ ಕುರಿಗಳನ್ನು ಹಿಂದಕ್ಕೆ ಕೊಟ್ಟಿದ್ದಳು. ಮಂದೆಯಲ್ಲಿ ಉಳಿದದ್ದೆಲ್ಲ ಅವಳದೇ. ಆ ಐದು ವರ್ಷದಲ್ಲಿ ನನಗೆ ಎರಡು ಸಲ ಚೆನ್ನಾಗಿ ಬೆಳೆ ಬಂತು, ಒಂದು ಸಲ ಬೆಳೆ ಬಂದು ದರ ಬಿತ್ತು, ಒಂದು ಸಲ ಸೈನಿಕ ಹುಳು ಸುಳಿ ತಿಂದಿತು, ಒಂದು ಸಲ ಮಳೆ ಬರಲಿಲ್ಲ. ಚೆನ್ನಾಗಿ ಬಂದ ವರ್ಷ ನಾನು ಅವಳಿಗಿಂತ ಮುಂದೆ, ಅದನ್ನು ಒಪ್ಪಲೇಬೇಕು. ಆದರೆ ಕೆಟ್ಟ ವರ್ಷ ನಾನು ಹಾಕಿದ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲವೂ ಮಣ್ಣು ಪಾಲು. ಅವಳಿಗೆ ಪೂರ್ತಿ ಕೆಟ್ಟ ವರ್ಷ ಎಂಬುದೇ ಬರುತ್ತಿರಲಿಲ್ಲ.

ಅದಕ್ಕೆ ಕಾರಣ ಅವಳ ಇನ್ನೊಂದು ಕ್ರಮ. ಜುಲೈ ಕೊನೆಯ ಪುಷ್ಯ ಮಳೆ ಮುಗಿಯುವತನಕ ಆಕಾಶ ನೋಡುತ್ತಾಳೆ. ಅಷ್ಟರೊಳಗೆ ಮಳೆ ಹಿಡಿಯದಿದ್ದರೆ ಮರುವಾರವೇ ಮುದಿ ಕುರಿಗಳನ್ನೂ ಗಂಡು ಮರಿಗಳನ್ನೂ ಬಡೇಸಾಬನಿಗೆ ಕೊಟ್ಟುಬಿಡುತ್ತಾಳೆ. ಉಳಿದವರು ಇನ್ನೂ ಒಂದು ಮಳೆ ನೋಡೋಣ ಎಂದು ಕಾಯುತ್ತಾರೆ. ಅವರೆಲ್ಲ ಮಾರಲು ಹೊರಡುವ ಹೊತ್ತಿಗೆ ಕುರಿ ಒಣಗಿರುತ್ತವೆ, ದರವೂ ಬಿದ್ದಿರುತ್ತದೆ. “ಮನಸು ಬರಲ್ಲ ಭಾವಾರ, ಸಾಕಿದ್ದು. ಆದ್ರೆ ಹತ್ತು ಕೊಟ್ರೆ ಇಪ್ಪತ್ತು ಉಳೀತಾವ,” ಎನ್ನುತ್ತಿದ್ದಳು. ಮೆಕ್ಕೆಜೋಳದಲ್ಲಿ ಇಂಥದ್ದಕ್ಕೆ ದಾರಿಯೇ ಇಲ್ಲ. ಬಿತ್ತಿದ ಮೇಲೆ ಅರ್ಧ ಹೊಲವನ್ನು ಹಿಂದಕ್ಕೆ ಕೊಡಲಾಗುವುದಿಲ್ಲ. ಇದು ನನಗೆ ಹೊಳೆಯದೆ ಅವಳಿಗೆ ಹೊಳೆಯಿತಲ್ಲ ಎಂಬುದು ನನ್ನನ್ನು ತಿನ್ನುತ್ತಿತ್ತು.

ಎರಡು ಸಾವಿರದ ಇಪ್ಪತ್ಮೂರರ ಬರದಲ್ಲಿ ನನ್ನ ಬೆಳೆ ಮೊಣಕಾಲೆತ್ತರಕ್ಕೇ ಸುಟ್ಟುಹೋಯಿತು. ಅಂಜಿನವ್ವ ಮೊದಲೇ ಹದಿನಾಲ್ಕು ಕುರಿ ಮಾರಿದ್ದಳು. ಉಳಿದವಕ್ಕೆ ಒಣಗಿದ ಸಜ್ಜೆ, ಅಗಸೆ ಸೊಪ್ಪು, ಉಳದೇ ಬಿಟ್ಟ ಒಂದೂವರೆ ಎಕರೆಯ ಹುಲ್ಲು ಇದ್ದವು. ಅಕ್ಟೋಬರಿನಲ್ಲಿ ಯಾರೋ ಅಧಿಕಾರಿ ಇಪ್ಪತ್ತು ಮಂದಿ ರೈತರನ್ನು ಗಾಡಿಯಲ್ಲಿ ಕರೆತಂದು ಅವಳ ಹೊಲ ತೋರಿಸಿದ. ಬಂದವರೆಲ್ಲ ಚೆನ್ನಾಗಿ ಕಾಣಲೆಂದು ನನ್ನ ಬದುವಿನ ಮೇಲೆ ನಿಂತರು. ಆ ಅಧಿಕಾರಿ ನನ್ನ ಕೈಗೆ ಮೊಬೈಲ್ ಕೊಟ್ಟು, “ಯಜಮಾನ್ರೆ, ಅಮ್ಮೋರ ಜೊತೆ ಒಂದು ಫೋಟೊ ಹೊಡೀರಿ. ಕುರಿನೂ ಬರ್ಬೇಕು, ಸ್ವಲ್ಪ ಹಿಂದಕ್ಕೆ ಹೋಗ್ರಿ,” ಎಂದ. ನಾನು ಹಿಂದಕ್ಕೆ ಹೋದೆ. ನನ್ನ ಸತ್ತ ಮೆಕ್ಕೆಜೋಳದ ನಡುವೆ ನಿಂತು ಅಂಜಿನವ್ವನ ಫೋಟೊ ತೆಗೆದೆ. ಅವಳು ಸೆರಗು ಸರಿಮಾಡಿಕೊಂಡು, “ಭಾವಾರು ದೊಡ್ಡ ಆಫೀಸರು ಇದ್ದೋರು, ಅವರನ್ನೂ ನಿಂದರ್ಸ್ರಿ,” ಎಂದಳು. ಆ ಮಾತು ಇನ್ನೂ ಉರಿಸಿತು.

ಮುಂದಿನ ಯುಗಾದಿಯ ದಿನ ಕಸ್ತೂರಮ್ಮ ಬೇವು ಬೆಲ್ಲ ಕೈಗಿಟ್ಟು ಮಾತು ತೆಗೆದಳು.

“ಅಂಜಿನಿ ಕೇಳ್ಯಾಳ. ಊರ ಗೋಮಾಳದಾಗ ಅರ್ಧ ಒತ್ತುವರಿ ಆತಂತೆ, ಉಳಿದಿದ್ದಕ್ಕ ಬೇಲಿ ಹಾಕ್ಯಾರಂತೆ. ನಮ್ಮ ನಾಲ್ಕು ಎಕರೆ ಗುತ್ತಿಗೆಗೆ ಕೊಟ್ರೆ ಕುರಿ ಉಳಿಸ್ಕಂತಾಳ. ಇಲ್ಲಾಂದ್ರೆ ಅರ್ಧ ಮಂದೆ ಮಾರ್ಬೇಕಂತೆ.”

“ಮಾರಲಿ. ನಾನು ಆ ಹೊಲದಾಗ ಬೆಳೆ ತೆಗೀತೀನಿ,” ಎಂದೆ.

“ಹತ್ತು ವರ್ಷದಿಂದ ತೆಗೀತಿದೀರಿ.”

“ಅವಳ ದುಡಿಮೆಗೆ ಕೂಲಿ ಹಾಕಿ ನೋಡು. ವರ್ಷಪೂರ್ತಿ ಬಿಸಿಲು ಮಳೆ ಎನ್ನದೆ ಕುರಿ ಹಿಂದೆ ತಿರುಗ್ತಾಳೆ. ಕೂಲಿ ಕಳೆದರೆ ಏನೂ ಉಳಿಯಲ್ಲ. ಮೆಕ್ಕೆಜೋಳ ನಾಲ್ಕು ತಿಂಗಳ ಕೆಲಸ.”

“ಹಂಗಾದ್ರೆ ನಿಮ್ಮ ಸ್ಕೂಟರಿನ ಪೆಟ್ರೋಲೂ ಲೆಕ್ಕಕ್ಕ ಹಾಕ್ರಿ.”

ಮಾತಿಗೆ ಮಾತು ಬೆಳೆಯಿತು. ಕುರಿಗೆ ಬೇನೆ ಬಂದರೆ ಒಂದೇ ವಾರದಲ್ಲಿ ಮಂದೆಯೇ ಖಾಲಿಯಾಗುತ್ತದೆ, ಮಳೆ ಹೋದರೆ ಬರೀ ಒಂದು ಬೆಳೆ ಹೋಗುತ್ತದೆ, ಮಣ್ಣು ಎಲ್ಲಿಗೂ ಹೋಗುವುದಿಲ್ಲ ಎಂದು ವಾದಿಸಿದೆ. ಅದು ಸುಳ್ಳಲ್ಲ. ಬರ ಬಂದರೆ ಕುರಿಯನ್ನು ಹೊಡೆದುಕೊಂಡು ಬೇರೆ ಕಡೆ ಹೋಗಬಹುದು, ಬೇನೆ ಬಂದರೆ ಹೋಗಲು ಜಾಗವಿಲ್ಲ. ಕಸ್ತೂರಮ್ಮ ಪೂರ್ತಿ ಕೇಳಿ ತೀರ್ಪು ಕೊಟ್ಟಳು. ಇನ್ನೊಂದು ವರ್ಷ. ಬರುವ ಯುಗಾದಿಗೆ ಇಬ್ಬರೂ ಕೂತು ಅವರವರ ನಾಲ್ಕು ಎಕರೆಯಲ್ಲಿ ಏನು ಉಳಿಯಿತು ಎಂದು ಬಾಯಿಬಿಟ್ಟು ಹೇಳಬೇಕು. ಹೆಚ್ಚು ಯಾರದೋ ಅವರಿಗೆ ಹೊಲ. ಅಂಜಿನವ್ವ ಇದಕ್ಕೆ ಒಪ್ಪಿದಳಂತೆ. ಸೋತರೆ ಅರ್ಧ ಮಂದೆ ಕಳೆದುಕೊಳ್ಳುವವಳು ನಕ್ಕುಕೊಂಡೇ ಒಪ್ಪಿದಳಂತೆ.

ಆ ವರ್ಷ ಮಳೆ ಚೆನ್ನಾಗಿ ಬಂತು. ಮೆಕ್ಕೆಜೋಳ ಆಳೆತ್ತರ ನಿಂತಿತು, ಎಕರೆಗೆ ಹದಿನೆಂಟು ಕ್ವಿಂಟಲ್ ಬಂತು. ದಾವಣಗೆರೆ ಮಾರುಕಟ್ಟೆಯಲ್ಲಿ ದರವೂ ಚೆನ್ನಾಗಿಯೇ ಇತ್ತು. ಗೆದ್ದೆ ಎಂದುಕೊಂಡು ಬದುವಿಗೆ ಹೋಗಿ ನೋಡಿದರೆ ಅವಳ ಮಂದೆ ನಲವತ್ತೊಂದಕ್ಕೆ ಏರಿತ್ತು. ಅದರಲ್ಲಿ ಹತ್ತೊಂಬತ್ತು ಗಂಡು ಮರಿಗಳನ್ನು ಬಡೇಸಾಬ್ ಬಕ್ರೀದಿಗೆಂದು ಆಗಲೇ ಮಾತಾಡಿ ಹೋಗಿದ್ದ. ಎರಡು ದಿನ ಊಟ ರುಚಿಸಲಿಲ್ಲ. ಇಷ್ಟು ಒಳ್ಳೆಯ ಬೆಳೆ ತೆಗೆದೂ ನಾನು ಸೋಲುತ್ತಿದ್ದೆ.

ನಮ್ಮ ಕಡೆ ಕೊಯ್ಲಾದ ಮೇಲೆ ಹೊಲದಲ್ಲಿ ಕುರಿ ತರುಬಿಸುವ ಪದ್ಧತಿ ಇದೆ. ಮಂದೆ ಕೆಲವು ರಾತ್ರಿ ಹೊಲದಲ್ಲೇ ತಂಗುತ್ತದೆ. ಹಿಕ್ಕೆ, ಗಂಜಲ ಬಿದ್ದು ಮಣ್ಣಿಗೆ ಎರಡು ಬೆಳೆಗಾಗುವಷ್ಟು ಸಾರ ಬರುತ್ತದೆ. ಹೊಲದವರು ಕುರಿಯವರಿಗೆ ದವಸವನ್ನೋ ದುಡ್ಡನ್ನೋ ಕೊಡುತ್ತಾರೆ. ಗದ್ದೆಯವರು ಅಂಜಿನವ್ವನ ಮಂದೆಗೆ ಸರದಿ ಹಚ್ಚಿ ಕಾಯುತ್ತಿದ್ದರು. ನಾನು ಮಾತ್ರ ಹತ್ತು ವರ್ಷದಲ್ಲಿ ಒಂದು ರಾತ್ರಿಯೂ ಕರೆದಿರಲಿಲ್ಲ. ಆ ಡಿಸೆಂಬರಿನಲ್ಲಿ ಕಸ್ತೂರಮ್ಮ, “ಪಕ್ಕದ ಹೊಲದಾಗ ಮಂದೆ ಇಟ್ಕಂಡು ಚೀಲದ ಗೊಬ್ಬರ ತರ್ತೀರಲ್ಲ. ಈ ಸಲ ಅಂಜಿನಿಗೆ ಹೇಳ್ರಿ,” ಎಂದು ಪಟ್ಟು ಹಿಡಿದಳು.

ಆಗ ನನ್ನ ತಲೆಗೆ ಒಂದು ದುರ್ಬುದ್ಧಿ ಬಂತು. ಸುಗ್ಗಿಯ ಕಾಲಕ್ಕೆ ಬಡಗಣ ಸೀಮೆಯಿಂದ ದೊಡ್ಡ ಮಂದೆಗಳು ಈ ಕಡೆ ಇಳಿದು ಬರುತ್ತವೆ. ಹರಿಹರದ ಹತ್ತಿರ ಅಂಥದ್ದೊಂದು ಮಂದೆಯ ಹಿರಿಯನನ್ನು ಹುಡುಕಿ, ಅಂಜಿನವ್ವ ಕೇಳುವುದಕ್ಕಿಂತ ಹೆಚ್ಚೇ ಕೊಡುತ್ತೇನೆಂದು ಒಪ್ಪಿಸಿ, ಇನ್ನೂರು ಕುರಿಗಳನ್ನು ನನ್ನ ಹೊಲಕ್ಕೆ ತರಿಸಿದೆ. ಅವಳ ನಲವತ್ತೊಂದರ ಪಕ್ಕದಲ್ಲೇ ಇನ್ನೂರು. ಅವಳು ನೋಡಲಿ ಎಂಬುದಷ್ಟೇ ನನ್ನ ಉದ್ದೇಶ.

ಅವಳು ನೋಡಿದಳು. “ಚಲೋ ಮಂದೆ ತರಿಸೀರಿ ಭಾವಾರ. ನನಗೆ ಒಂದು ಮಾತು ಹೇಳಿದ್ರೆ ನಾನೇ ತರುಬ್ತಿದ್ದೆ, ದುಡ್ಡು ಯಾಕ?” ಎಂದಳು.

ಮೂರನೇ ದಿನ ಬೆಳಿಗ್ಗೆ. ದಿಬ್ಬದ ಬುಡದಲ್ಲಿ ದನಕರುಗಳಿಗೆಂದು ಕಟ್ಟಿಸಿದ ನೀರಿನ ತೊಟ್ಟಿಯ ಹತ್ತಿರ ನಾನು ಸ್ಕೂಟರ್ ನಿಲ್ಲಿಸಿದೆ. ಹೊರಗಿನ ಮಂದೆ ನೀರು ಕುಡಿಯುತ್ತಿತ್ತು. ಅದರಲ್ಲಿ ಒಂದು ಕುರಿ ಕಿವಿ ಜೋಲು ಬಿಟ್ಟು ನಿಂತಿತ್ತು. ಮೂಗಿನಿಂದ ಹಳದಿ ಸಿಂಬಳ ಇಳಿದು ಹೊಳ್ಳೆಗೆ ಅಂಟಿಕೊಂಡಿತ್ತು, ಕಣ್ಣಲ್ಲಿ ಪಿಸುರು. ಬಾಯಿಂದ ಜೊಲ್ಲು. ನಾನು ಪಶುವೈದ್ಯನಲ್ಲ. ಆದರೆ ಎಷ್ಟೋ ಲಸಿಕೆ ಶಿಬಿರಗಳಲ್ಲಿ ಕುರ್ಚಿ ಹಾಕಿಕೊಂಡು ಕೂತು ರೈತರ ಹೆಸರು ಬರೆದುಕೊಟ್ಟವನು. ಕುರಿಗಳ ಪ್ಲೇಗು ಎನ್ನುವ ಹಿರೇಬೇನೆಯ ಚಿತ್ರವಿದ್ದ ಕಾಗದಗಳನ್ನು ಹಳ್ಳಿಯ ಗೋಡೆಗಳಿಗೆ ನಿಂತು ಅಂಟಿಸಿದವನು. ಆ ಚಿತ್ರದಲ್ಲಿದ್ದ ಕುರಿ ಇದೇ ಎಂದು ನನಗೆ ಕೂಡಲೇ ಅನ್ನಿಸಿತು.

ಅಷ್ಟರಲ್ಲಿ ಅಂಜಿನವ್ವ ತನ್ನ ಮಂದೆಯನ್ನು ಹೊಡೆದುಕೊಂಡು ಇಳಿದು ಬಂದಳು. ಹತ್ತು ಮಾರು ದೂರದಲ್ಲಿ ನಿಂತಳು. ಆ ಕುರಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಹೇಳಬೇಕು ಎನಿಸಿತು. ಇಲ್ಲವೆನ್ನುವುದಿಲ್ಲ, ನಾಲಿಗೆಯ ತುದಿಗೇ ಬಂದಿತ್ತು. ಹೇಳಿದರೆ ನಾನು ದುಡ್ಡು ಕೊಟ್ಟು ರೋಗ ತರಿಸಿದೆ ಎಂದು ನಾನೇ ಒಪ್ಪಿಕೊಂಡಂತೆ ಆಗುತ್ತಿತ್ತು, ಅದೂ ಅವಳ ಮುಂದೆ. ಅದೊಂದೇ ಕಾರಣವೆಂದರೆ ಅರ್ಧ ಸತ್ಯವಾಗುತ್ತದೆ. ಎರಡು ಮೂರು ಸತ್ತರೆ ಸಾಯಲಿ, ಅವಳಿಗೂ ಒಂದು ಸಲ ಕೆಟ್ಟ ವರ್ಷ ಬರಲಿ ಎಂದೂ ಅನ್ನಿಸಿತು. ನಾನು ಮುಖ ತಿರುಗಿಸಿ ಕಾಲುವೆಯ ನೀರನ್ನು ನೋಡುತ್ತ ನಿಂತೆ. ಹೊರಗಿನ ಮಂದೆ ಮೇಲೆ ಹೋಯಿತು. ಅವಳ ಕುರಿಗಳು ತೊಟ್ಟಿಗೆ ಬಾಯಿ ಹಾಕಿದವು.

ಹತ್ತು ದಿನ ಕಳೆಯುವಷ್ಟರಲ್ಲಿ ಅವಳ ಮರಿಗಳು ಮೇವು ಬಿಟ್ಟವು. ಮೂಗು ಸೋರಿತು, ಬಾಯಿ ಹುಣ್ಣಾಯಿತು, ಭೇದಿ ಹತ್ತಿತು. ಹಳೆಯ ಕುರಿಗಳಿಗೆ ಹಿಂದೆ ಲಸಿಕೆ ಆಗಿತ್ತು, ಅವು ಹೆಚ್ಚಿನವು ಉಳಿದುಕೊಂಡವು. ಆಮೇಲೆ ಹುಟ್ಟಿದವಕ್ಕೆ ಆಗಿರಲಿಲ್ಲ. ಡಾಕ್ಟರು ಬಂದರು, ಸೂಜಿ ಚುಚ್ಚಿದರು, ಮಂದೆಗೆ ಬಿದ್ದ ಬೇನೆ ಅಷ್ಟಕ್ಕೆಲ್ಲ ನಿಲ್ಲುವುದಿಲ್ಲ. ಬದುವಿನ ಮೇಲೆ ನಿಂತು ನಾನು ಅವತ್ತೂ ಎಣಿಸಿದೆ. ಬಕ್ರೀದಿಗೆಂದು ಇಟ್ಟಿದ್ದ ಹತ್ತೊಂಬತ್ತು ಮರಿಗಳಲ್ಲಿ ಹದಿನೇಳು ಹೋದವು, ಹೆಣ್ಣು ಆರು. ಒಟ್ಟು ಇಪ್ಪತ್ಮೂರು. ಮಲ್ಲೇಶಪ್ಪ ಗಿರಣಿಗೆ ರಜೆ ಹಾಕಿ ಗುಂಡಿ ತೋಡಿದ. ಬಡೇಸಾಬ್ ಹರಿಹರದಿಂದ ಬಂದು ಟೋಪಿ ತೆಗೆದು ಮಣ್ಣಿನ ಮೇಲೇ ಕೂತುಬಿಟ್ಟ. ಅಂಜಿನವ್ವ ಉಸಿರಿಗೆ ಒದ್ದಾಡುತ್ತಿದ್ದ ಒಂದು ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಲದ ಉದ್ದಕ್ಕೂ ಓಡಾಡುತ್ತಿದ್ದಳು. ಎರಡು ಮೂರು ಸಾಯಲಿ ಎಂದುಕೊಂಡಿದ್ದವನು ನಾನು.

ಕಸ್ತೂರಮ್ಮ ಸುದ್ದಿ ಕೇಳಿದವಳೇ ಬಸ್ಸು ಹತ್ತಿ ಹೋಗಿ ಮೂರು ದಿನ ಅವಳ ಮನೆಯಲ್ಲೇ ಉಳಿದಳು. ನಾನು ಎಂ.ಸಿ.ಸಿ. ಬಿ ಬ್ಲಾಕಿನ ಮನೆಯಲ್ಲಿ ಒಬ್ಬನೇ ಮಂಡಕ್ಕಿ ತಿಂದುಕೊಂಡು ಕೂತಿದ್ದೆ. ಹೊರಗಿನ ಮಂದೆ ಅಷ್ಟರಲ್ಲಿ ಎಲ್ಲಿಗೋ ಹೋಗಿಬಿಟ್ಟಿತ್ತು. ಬೇನೆ ಅದರಿಂದ ಬಂತೆಂದು ಊರಿಗೆಲ್ಲ ಗೊತ್ತಾಯಿತು. ತರಿಸಿದವನು ನಾನೆಂದೂ ಗೊತ್ತಿತ್ತು. ಆದರೆ ಎಲ್ಲರೂ ತರುಬಿಸುತ್ತಾರಲ್ಲ, ಯಾವ ಮಂದೆಯಲ್ಲಿ ಏನಿದೆ ಎಂದು ಯಾರಿಗೆ ಗೊತ್ತು ಎಂದು ಜನ ನನ್ನನ್ನು ಬಿಟ್ಟುಬಿಟ್ಟರು. ತೊಟ್ಟಿಯ ಹತ್ತಿರ ನಾನು ನಿಂತಿದ್ದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಯುಗಾದಿ ಬಂತು. ಹಬ್ಬದ ಮರುದಿನ ಅಂಜಿನವ್ವ ದಾವಣಗೆರೆಗೆ ಬಂದಳು. ಒಂದು ಸೇರು ತೊಗರಿಬೇಳೆ ತಂದಿದ್ದಳು. ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತು, ನೀರು ಕುಡಿದು, ತಾನೇ ಮಾತು ಶುರು ಮಾಡಿದಳು.

“ಭಾವಾರ ಗೆದ್ರು ಕಸ್ತೂರಕ್ಕ. ತೊಗರಿ ಒಂದೇ ಕೈಗೆ ಹತ್ತಿದ್ದು. ಮಾತಂದ್ರೆ ಮಾತು, ಹೊಲ ಅವರೇ ಮಾಡ್ಲಿ.”

ಹನ್ನೊಂದು ವರ್ಷದಿಂದ ಆ ಮಾತನ್ನು ಕೇಳಬೇಕೆಂದು ಕಾದಿದ್ದೆ. ಕೇಳಿದಾಗ ತಲೆ ಎತ್ತಲಾಗಲಿಲ್ಲ.

ಕಸ್ತೂರಮ್ಮ ಕಣ್ಣೊರೆಸಿಕೊಂಡು, “ಹನ್ನೊಂದು ವರ್ಷ ಕುರಿ ಕಾದೀಯ. ಆ ಮಂದೆ ಸರಿಯಿಲ್ಲ ಅಂತ ನಿನಗ ಮೊದ್ಲೇ ಗೊತ್ತಾಗ್ಲಿಲ್ಲೇನೇ ಅಂಜಿನಿ?” ಎಂದು ಕೇಳಿದಳು.

“ಗೊತ್ತಾತಕ್ಕ,” ಎಂದಳು ಅಂಜಿನವ್ವ. “ತೊಟ್ಟಿ ಹತ್ರ ಒಂದು ಕುರಿ ಮೂಗು ಸೋರ್ತಿತ್ತು. ನನ್ನ ಕುರಿ ಹಿಂದಕ್ಕ ತಿರುವಾಣ ಅಂತ ಕೋಲು ಎತ್ತಿದ್ದೆ. ನೋಡ್ತೀನಿ, ಭಾವಾರು ಅಲ್ಲೇ ನಿಂತಾರ. ಓದಿದೋರು, ಎಲ್ಲಾ ತಿಳಿದೋರು. ಬ್ಯಾನಿ ಇದ್ದಿದ್ರ ಅವರು ಸುಮ್ನಿರ್ತಿದ್ರಾ? ಚಳಿಗೆ ನೆಗಡಿ ಆಗಿರ್ಬೇಕು ಅಂದ್ಕಂಡು ಕೋಲು ಇಳಿಸಿದೆ. ನನ್ನ ಹಣೇಬರ, ಅವರಿಗೂ ಕಂಡಿಲ್ಲ.”

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕೊಂಕಿಗೆ ಕೊಂಕು ಆಡಿ ಎದ್ದು ಹೋಗುತ್ತಿದ್ದೆ. ಅವಳು ತನ್ನ ಕಣ್ಣು ಹೇಳಿದ್ದನ್ನು ಬಿಟ್ಟು ನನ್ನ ಮೌನವನ್ನು ನಂಬಿದ್ದಳು. ನಾನು ಹೇಳಿದ್ದೊಂದೂ ಸರಿ ಬರದ ಆ ಹೊಲದಲ್ಲಿ ಅವಳು ನನ್ನನ್ನು ತಿಳಿದವನೆಂದು ಇನ್ನೂ ನಂಬಿಕೊಂಡಿದ್ದಳು. ಆ ನಂಬಿಕೆಗೆ ಇಪ್ಪತ್ಮೂರು ಕುರಿ ಕೊಟ್ಟಳು.

“ನನಗೆ ಕಂಡಿತ್ತು ಅಂಜಿನವ್ವ,” ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು.

“ಹಿರೇಬೇನೆ ಅಂತ ಗೊತ್ತಾಗಿತ್ತು. ಹೇಳಲಿಲ್ಲ.”

“ಯಾಕ?” ಎಂದಳು ಅಂಜಿನವ್ವ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ನಿನ್ನ ಮಂದೆ ನೋಡಿ ಹೊಟ್ಟೆ ಉರೀತಿತ್ತು.”

“ನನ್ನ ಮಂದೆಗಾ?” ಎಂದಳು ಅಂಜಿನವ್ವ. “ನಿಮಗೆ ಪಿಂಚಣಿ ಐತೆ, ಪ್ಯಾಟಿ ಮನಿ ಐತೆ. ನಾನು ನಿಮ್ಮ ಸ್ಕೂಟರ್ ಸಪ್ಪಳ ಕೇಳಿದ್ರೆ ಸಾಕು, ಭಾವಾರು ಬಂದ್ರು, ಏನಾರ ತಪ್ಪು ಮಾಡಿದ್ರೆ ಹೇಳ್ತಾರ ಅಂತ ಧೈರ್ಯ ಮಾಡ್ತಿದ್ದೆ.”

ಎದ್ದಳು. ಕಸ್ತೂರಮ್ಮ ಅವಳ ಕೈ ಹಿಡಿದು, “ಹೊಲ ನಿನಗೇ ಕಣೇ. ನನ್ನ ಹೊಲ, ನಾನು ಕೊಡ್ತೀನಿ. ಗುತ್ತಿಗೆನೂ ಬ್ಯಾಡ,” ಎಂದಳು.

“ಬ್ಯಾಡಕ್ಕ. ಅವರೇ ಇಟ್ಕಳ್ಳಿ,” ಎಂದಳು ಅಂಜಿನವ್ವ. “ಇನ್ನ ಅವರ ಬದಿಗೆ ನಾನು ಕುರಿ ಬಿಡಂಗಿಲ್ಲ.” ನನಗೆ ಹೋಗಿಬರುತ್ತೇನೆಂದು ಹೇಳಲಿಲ್ಲ. ತಂದಿದ್ದ ಬೇಳೆಯನ್ನು ಮಾತ್ರ ಬಿಟ್ಟು ಹೋದಳು.

ಹೀಗೆ ಹೊಲ ನನಗೇ ಉಳಿಯಿತು. ಅಂಜಿನವ್ವ ತನ್ನ ನಾಲ್ಕೂ ಎಕರೆಗೆ ತೊಗರಿ ಬಿತ್ತಿದಳು. ಉಳಿದ ಹದಿನೆಂಟು ಕುರಿಗಳನ್ನು ಊರಾಚೆಯ ಇನ್ನೊಂದು ದಿಬ್ಬಕ್ಕೆ, ಯಾರದೋ ಬೀಳು ಹೊಲಕ್ಕೆ ಒಯ್ದಳು. ಅರವತ್ತು ಹತ್ತಿರ ಬಂದವಳು ದಿನಾ ಮೂರು ಕಿಲೋಮೀಟರ್ ಹೆಚ್ಚು ನಡೆಯುತ್ತಾಳೆ. ಕುರಿ ತಿರುಗಾಡಿ ಸಾರ ತುಂಬಿದ ಮಣ್ಣಿನಲ್ಲಿ ಅವಳ ತೊಗರಿ ಎದೆಯೆತ್ತರ ಬೆಳೆದು ಗೊಂಚಲು ಗೊಂಚಲಾಗಿ ಕಾಯಿ ಹಿಡಿಯಿತು. ಪಕ್ಕದಲ್ಲಿ ನನ್ನ ಮೆಕ್ಕೆಜೋಳ ಚೀಲದ ಗೊಬ್ಬರ ತಿಂದೂ ಹಳದಿ ತಿರುಗಿತು. ಬದುವಿನ ಮೇಲೆ ಈಗ ಏನವ್ವಾ ಎಂದು ಕೇಳಲು ಯಾರೂ ಇಲ್ಲ.

ಇದನ್ನು ಬರೆಯಲು ಹೇಳಿದವಳು ಕಸ್ತೂರಮ್ಮ. ಎಷ್ಟೋ ತಿಂಗಳ ಮೇಲೆ ನನ್ನ ಜೊತೆ ಸರಿಯಾಗಿ ಮಾತಾಡಿದ ದಿನ ಅವಳು ಹೇಳಿದ್ದು ಇಷ್ಟೇ: “ಎಲ್ಲಾ ಊರಿಗೂ ಹೋಗಿ ಏನು ಬೆಳೀಬೇಕು ಅಂತ ಹೇಳಿ ಬರ್ತಿದ್ರಲ್ಲ, ಇದನ್ನೂ ಹೇಳ್ರಿ.” ಬೆದ್ದಲಿನಲ್ಲಿ ಕುರಿ ಲಾಭವೋ ಬೆಳೆ ಲಾಭವೋ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ಎರಡನ್ನೂ ಸ್ವಲ್ಪ ಸ್ವಲ್ಪ ಇಟ್ಟುಕೊಳ್ಳಿ, ಮಳೆ ಹೋದ ವರ್ಷ ಬೇಗ ಮಾರಿ, ಹೊರಗಿನ ಮಂದೆ ಬಂದರೆ ನಿಮ್ಮದನ್ನು ದೂರ ಇಡಿ ಎನ್ನುತ್ತೇನೆ. ಮೊದಲ ಎರಡೂ ಅಂಜಿನವ್ವನಿಂದ ಕಲಿತದ್ದು.

ಕಳೆದ ವಾರ ಊರಲ್ಲಿ ಲಸಿಕೆ ಶಿಬಿರ ಇತ್ತು. ನಾನೇ ಹೋಗಿ ಕೇಳಿಕೊಂಡು, ಹಿಂದಿನಂತೆ ಹೆಸರು ಬರೆಯಲು ಕುರ್ಚಿ ಹಾಕಿಕೊಂಡು ಕೂತೆ. ಹತ್ತು ಗಂಟೆಗೆ ಅಂಜಿನವ್ವ ಮಂದೆ ಹೊಡೆದುಕೊಂಡು ಬಂದಳು. ಬಡೇಸಾಬ್ ಮತ್ತೆ ಪಾಲಿಗೆ ಕುರಿ ಕೊಟ್ಟಿದ್ದಾನೆ, ಹೊಸ ಮರಿಗಳೂ ಆಗಿವೆ. ಸೂಜಿ ಹಾಕುವವನ ಹತ್ತಿರ ಎಷ್ಟೆಂದು ಹೇಳಿದಳು, ನನ್ನ ಕಡೆ ನೋಡಲಿಲ್ಲ. ಬರೆದುಕೊಂಡರೆ ಸಾಕಿತ್ತು, ಆದರೂ ನಾನು ಎದ್ದು ಹೋಗಿ ಎಣಿಸಿದೆ. ಮೂವತ್ತೊಂದು. ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು, ಸುಳ್ಳು ಹೇಳುವುದಿಲ್ಲ. ಆದರೆ ಎಣಿಸುವ ಮೊದಲು ಒಂದೊಂದರ ಮೂಗನ್ನೂ ನೋಡಿದ್ದೆ.